ಆರು ಸೀಸೆ, ಒಂದು ಮೂಗು

ಯಲಹಂಕ
8–1–1962

ಉಸ್ತಾದ್ ಅಕ್ಬರ್ ಪಾಷಾ ಅವರಿಗೆ ಮುನಿಆಂಜಿನಪ್ಪ ಮಾಡುವ ನಮಸ್ಕಾರಗಳು.

ನೀವು ಕ್ಲಬ್ಬಿನ ಹೆಡ್ ಬಾರ್‌ಮನ್ ಕೆಲಸ ಬಿಟ್ಟು ಚಿಂತಾಮಣಿ ಸೇರಿ ನಾಲ್ಕು ತಿಂಗಳಾಯಿತು. ಮಂಡಿನೋವು ಹೇಗಿದೆ? ನಿಮಗೆ ಕನ್ನಡ ಓದಲು ಬಾರದಿದ್ದರೂ ಮಗಳು ರೆಹಾನಾ ಓದಿ ಹೇಳುತ್ತಾರೆಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ಟೀಚರಮ್ಮ, ಈ ಕಾಗದದಲ್ಲಿ ಸೀಸೆಗಳ ಮಾತೇ ಜಾಸ್ತಿ. ಬೇಜಾರು ಮಾಡಿಕೊಳ್ಳಬೇಡಿ.

ಉಸ್ತಾದ್, ಒಂದು ಎಡವಟ್ಟಾಗಿದೆ. ಯಾವ ವಿಸ್ಕಿ ಬಂದರೂ ಅದನ್ನು ಒಂದೇ ಥರದ ಚೌಕ ಸೀಸೆಗೆ ಸುರಿದು, ಹೆಸರಿನ ಚೀಟಿಯನ್ನು ಮೈದಾ ಅಂಟಿನಲ್ಲಿ ಅಂಟಿಸಿಡುವುದು ನಮ್ಮ ಕ್ಲಬ್ಬಿನ ಪದ್ಧತಿಯಲ್ಲವೇ? ಆ ಚೀಟಿಗಳನ್ನೆಲ್ಲ ಗೆದ್ದಲು ತಿಂದು ಹಾಕಿದೆ. ನಾನು ಗಾಬರಿಯಲ್ಲಿ ಸೀಸೆಗಳನ್ನು ಕೆಳಗಿಳಿಸಿ ಒರೆಸಿದೆ. ಮತ್ತೆ ಜೋಡಿಸುವಾಗ ನೀವು ಇಟ್ಟಿದ್ದ ಸಾಲು ತಪ್ಪಿಹೋಯಿತು. ಈಗ ಆರು ಸೀಸೆ ನನ್ನ ಮುಂದೆ ನಿಂತಿವೆ, ಆರಕ್ಕೂ ಹೆಸರಿಲ್ಲ.

ಒಂದನ್ನು ಮೂಸಿ ನೋಡಿದೆ. ಆಸ್ಪತ್ರೆಯ ಟಿಂಚರ್ ವಾಸನೆ, ಅದರ ಮೇಲೆ ಹೊಗೆ. ಕೆಟ್ಟುಹೋಗಿದೆ ಅಂದುಕೊಂಡು ಮಂಡಿಗೆ ತಿಕ್ಕಿಕೊಳ್ಳಲೆಂದು ವಾಚ್‌ಮನ್ ಪಿಳ್ಳಪ್ಪನಿಗೆ ಎರಡು ಔನ್ಸ್ ಕೊಟ್ಟೆ. "ಭಾಳ ವಾಸಿ ಆಯ್ತು ಕಣಣ್ಣ, ಇನ್ನೊಂದ್ ಚೂರು ಕೊಡು" ಅಂತ ದಿನಾ ಬರುತ್ತಾನೆ. ಮಂಡಿಗೆ ತಿಕ್ಕಿದನೋ ಗಂಟಲಿಗೆ ಇಳಿಸಿದನೋ ಆ ತಿಮ್ಮಪ್ಪನಿಗೇ ಗೊತ್ತು.

ನಗುವ ವಿಷಯವಲ್ಲ. ಹೆಡ್ ಬಾರ್‌ಮನ್ ಯಾರೆಂದು ಸೆಕ್ರೆಟರಿ ಮೇಜರ್ ಬೆಳ್ಯಪ್ಪನವರು ಮಾರ್ಚ್ ಕೊನೆಗೆ ತೀರ್ಮಾನಿಸುತ್ತಾರಂತೆ. ಬೊಂಬಾಯಿಯಲ್ಲಿ ಪಾನನಿಷೇಧ ಬಂದು ಕೆಲಸ ಕಳೆದುಕೊಂಡ ಹೋಟೆಲಿನವನೊಬ್ಬ ಅರ್ಜಿ ಹಾಕಿದ್ದಾನೆ. ಅವನು ಬಂದರೆ ನಾನು ಮತ್ತೆ ಸೋಡಾ ಸುರಿಯುವವನು. ಕ್ಲಬ್ಬಿನ ಹಿಂದೆ ನಾವಿರುವ ಕ್ವಾರ್ಟರ್ಸ್ ಕೂಡ ಅವನಿಗೇ ಹೋಗುತ್ತದೆ. ನಾನೂ ನನ್ನ ಹೆಂಡತಿ ಮುನಿಶಾಮಮ್ಮನೂ ಅಟ್ಟೂರಿನಲ್ಲಿ ನಮ್ಮಣ್ಣನ ದನದ ಕೊಟ್ಟಿಗೆ ಪಕ್ಕ ಬಿಡಾರ ಹೂಡಬೇಕಾಗುತ್ತದೆ.

ನನಗೆ ದಿಕ್ಕು ನಿಮ್ಮ ಮೂಗು. ಆರು ಹೋಮಿಯೋಪತಿ ಸೀಸೆಗಳಲ್ಲಿ ಹತ್ತಿ ನೆನೆಸಿ, ನಂಬರ್ ಬರೆದು, ಚಿಕ್ಕ ರೈಲಿನ ಗಾರ್ಡ್ ಮುನಿರಾಮಯ್ಯನ ಕೈಲಿ ಕಳಿಸಿದ್ದೇನೆ. ಶರಾಬು ಸಾಗಿಸಿದರೆ ಹಿಡಿಯುತ್ತಾರೆ, ಬರೀ ಹತ್ತಿಯನ್ನು ಹಿಡಿಯುವ ಪೊಲೀಸರು ಇನ್ನೂ ಹುಟ್ಟಿಲ್ಲ. ಯಾವುದು ಯಾವುದೆಂದು ಬರೆಸಿ ಕಳಿಸಿ.

ನಿಮ್ಮ ಶಿಷ್ಯ,
ಮುನಿಆಂಜಿನಪ್ಪ

*

ಚಿಂತಾಮಣಿ
17–1–1962

ಮುನಿಆಂಜಿನಪ್ಪನಿಗೆ ಅಕ್ಬರ್ ಪಾಷಾನ ದುವಾ.

ನಾನು ಹೇಳಿದ್ದನ್ನು ರೆಹಾನಾ ತನ್ನ ಸ್ಕೂಲ್ ಕನ್ನಡದಲ್ಲಿ ಬರೆಯುತ್ತಿದ್ದಾಳೆ. ಬೈಗುಳಗಳನ್ನು ಬಿಟ್ಟುಬಿಡುತ್ತಿದ್ದಾಳೆ, ಅವನ್ನು ನೀನೇ ಸೇರಿಸಿ ಓದಿಕೋ.

ಟಿಂಚರ್ ಅಂದುಕೊಂಡು ಪಿಳ್ಳಪ್ಪನ ಮಂಡಿಗೆ ಕೊಟ್ಟೆಯಲ್ಲ, ಅದು ಸ್ಕಾಟ್ಲೆಂಡಿನ ದ್ವೀಪದ ವಿಸ್ಕಿ. ಆ ಕಾಲದಲ್ಲಿ ದೊರೆಗಳು ಅದನ್ನು ಬೀಗ ಹಾಕಿ ಇಟ್ಟುಕೊಳ್ಳುತ್ತಿದ್ದರು. ನಿನ್ನ ಹೆಂಡತಿ ರಾಗಿ ಮೊಳಕೆ ಕಟ್ಟಿ ಒಣಗಿಸುತ್ತಾಳೆ ತಾನೆ? ಅವರು ಬಾರ್ಲಿಯನ್ನು ಹಾಗೇ ಮೊಳಕೆ ಬರಿಸುತ್ತಾರೆ. ಅಲ್ಲಿ ನಮ್ಮಂಥ ಬಿಸಿಲು ಎಲ್ಲಿ? ಜೌಗು ನೆಲದ ಮಣ್ಣಿನ ಹೆಂಟೆ ಕಡಿದು, ನಾವು ಬೆರಣಿ ಉರಿಸುವ ಹಾಗೆ ಉರಿಸಿ, ಆ ಶಾಖದಲ್ಲಿ ಕಾಳು ಒಣಗಿಸುತ್ತಾರೆ. ಹೊಗೆ ಕಾಳಿಗೆ ಹತ್ತಿ, ಕಾಳಿನಿಂದ ಸೀಸೆಗೆ ಬರುತ್ತದೆ. ಸ್ಕಾಚ್ ಎಲ್ಲವೂ ಅಷ್ಟು ಹೊಗೆಯಾಡುವುದಿಲ್ಲ, ಆದರೆ ಹೊಗೆ ಇದ್ದರೆ ಸ್ಕಾಚ್ ಅಂತ ತಿಳಿ. ಐರ್ಲೆಂಡಿನವರು ಮೂರು ಸಲ ಬಟ್ಟಿ ಇಳಿಸುತ್ತಾರೆ, ಅದು ಸಾಧು. ಅಮೆರಿಕದ ಬರ್ಬನ್ನು ಮುಸುಕಿನ ಜೋಳದ್ದು. ಒಳಗೆಲ್ಲ ಸುಟ್ಟ ಹೊಸ ಪೀಪಾಯಿಯಲ್ಲಿ ಇಡುವುದರಿಂದ ಸಿಹಿ ಬರುತ್ತದೆ. ಅವರದೇ ರೈ ಎಂಬುದೊಂದಿದೆ, ಗೋಧಿಯ ದಾಯಾದಿ ಕಾಳಿನದು, ಮೂಗಿಗೆ ಮೆಣಸು ಹಾಕಿದ ಹಾಗೆ ಚುರ್ ಅನ್ನುತ್ತದೆ.

ಲೋಟವನ್ನು ಅಂಗೈಯಲ್ಲಿ ಬೆಚ್ಚಗೆ ಮಾಡು, ಎರಡು ತೊಟ್ಟು ನೀರು ಬಿಡು, ಬಾಯಿ ಸ್ವಲ್ಪ ತೆರೆದು ಮೂಸು. ಕುಡಿಯದ ನಾವಿಬ್ಬರು ಇಷ್ಟು ವರ್ಷ ಕುಡಿಯುವ ಇನ್ನೂರು ಜನರನ್ನು ಸಾಕಿದ್ದು ಹೀಗೇ.

ನಿನ್ನ ಆರು ಸೀಸೆ ನೋಡಿದೆ. ಆರರಲ್ಲೂ ಹೊಗೆ ಇದೆ. ಆರೂ ಸ್ಕಾಚ್. ಚೀಟಿ ಬರೆದು ಅಂಟಿಸು.

ಅಕ್ಬರ್ ಪಾಷಾ

*

ಯಲಹಂಕ
29–1–1962

ಉಸ್ತಾದ್ ಅವರಿಗೆ ನಮಸ್ಕಾರ.

ನಿಮ್ಮ ಕಾಗದ ಮೂರು ಸಲ ಓದಿದೆ. ಮುನಿಶಾಮಮ್ಮನಿಗೂ ಓದಿ ಹೇಳಿದೆ. ಮೊಳಕೆ ಕಾಳಿನ ವಿಷಯ ಕೇಳಿ, "ಅಂಗಾದ್ರೆ ನಮ್ಮತ್ತೆ ಕೈಗೆ ಒಂದ್ ಪೀಪಾಯಿ ಕೊಟ್ಟಿದ್ರೆ ನಾವೂ ದೊರೆಗಳಾಗ್ತಿದ್ವಿ" ಅಂದಳು.

ತಪ್ಪು ತಿಳಿಯಬೇಡಿ, ಒಂದು ಮಾತು ಕೇಳಬೇಕು. ನೀವು ಹೇಳಿದ ಹಾಗೆಯೇ ಬೆಚ್ಚಗೆ ಮಾಡಿ, ನೀರು ಬಿಟ್ಟು ಮೂಸಿದೆ. ಮೂರನೇ ನಂಬರು ಹೊಗೆ, ಸರಿ. ನಾಲ್ಕನೇದರಲ್ಲಿ ನನಗೆ ಹೊಗೆಯೇ ಸಿಗಲಿಲ್ಲ. ಬೆಲ್ಲದ ಪಾಕ ಕುದಿಯುವ ವಾಸನೆ. ಆರನೇದು ಚುರ್ ಅನ್ನುತ್ತದೆ. ನನ್ನ ಮೂಗೇ ಕೆಟ್ಟಿತೋ ಏನೋ ಅಂತ ಎರಡು ದಿನ ನಶ್ಯ ಕೂಡ ಬಿಟ್ಟು ನೋಡಿದೆ. ಅದೇ ಬೆಲ್ಲ, ಅದೇ ಮೆಣಸು. ದಯವಿಟ್ಟು ಇನ್ನೊಮ್ಮೆ ನೋಡುತ್ತೀರಾ?

ಅವಸರ ಯಾಕೆಂದರೆ ಫೆಬ್ರವರಿ ಹತ್ತಕ್ಕೆ ಹೆಬ್ಬಾಳದ ಬೇಸಾಯದ ಕಾಲೇಜಿಗೆ ಬಂದಿರುವ ಅಮೆರಿಕದವರಿಗೆ ನಮ್ಮಲ್ಲಿ ಊಟ. ಅವರು ಸೋಡಾ ಕೇಳುವವರಲ್ಲ. ಬರ್ಬನ್ನಿನಲ್ಲಿ ಕಲಸುವ ಓಲ್ಡ್ ಫ್ಯಾಷನ್ಡ್, ರೈಯಲ್ಲಿ ಕಲಸುವ ಮ್ಯಾನ್‌ಹಟನ್ ಅಂತ ಪಟ್ಟಿ ಕಳಿಸಿದ್ದಾರೆ. ಬರ್ಬನ್ನು ಕೇಳಿದವರಿಗೆ ಸ್ಕಾಚ್ ಹಾಕಿ ಸಕ್ಕರೆ ಕಲಸಿದರೆ ನನ್ನ ಕತೆ ಅವತ್ತೇ ಮುಗಿಯಿತು. ಮೇಲಾಗಿ ಇಂಪೋರ್ಟು ನಿಂತು, ಅದಕ್ಕೆ ಹನಿಸುವ ಕಹಿ ಸಾರ ಬಿಟರ್ಸ್ ಖಾಲಿ. ಒಂದು ಹನಿ ಬಿಟರ್ಸ್ ಇಲ್ಲದ ಓಲ್ಡ್ ಫ್ಯಾಷನ್ಡ್ ಅಂದರೆ ಬರೀ ಪಾನಕ ಅಂತ ನೀವೇ ಹೇಳುತ್ತಿದ್ದಿರಿ. ಮುನಿಶಾಮಮ್ಮ ಜ್ವರಕ್ಕೆ ಕೊಡುವ ನೆಲಬೇವು, ಕಿತ್ತಳೆ ಸಿಪ್ಪೆ, ಲವಂಗ ಎಲ್ಲ ಸ್ಪಿರಿಟ್ಟಿನಲ್ಲಿ ನೆನೆಹಾಕಿದ್ದೇನೆ. ಏನಾಗುತ್ತದೋ ನೋಡಬೇಕು.

ಇಲ್ಲಿ ಎಲ್ಲರ ಬಾಯಲ್ಲೂ ಅಷ್ಟಗ್ರಹ ಕೂಟ. ಮುಂದಿನ ವಾರ ಲೋಕ ಮುಳುಗುತ್ತದೆಯಂತೆ. ಮುಳುಗುವ ಮುಂಚೆ ಖಾಲಿ ಮಾಡೋಣ ಅಂತ ಮೆಂಬರುಗಳು ದಿನಾ ಎರಡು ಪೆಗ್ ಜಾಸ್ತಿ ಹಾಕುತ್ತಿದ್ದಾರೆ.

ಮುನಿಆಂಜಿನಪ್ಪ

*

ಚಿಂತಾಮಣಿ
5–2–1962

ಮುನಿಆಂಜಿನಪ್ಪನಿಗೆ,

ಇಪ್ಪತ್ತೆರಡು ವರ್ಷ ಆ ಕೌಂಟರ್ ಹಿಂದೆ ನಿಂತವನು ನಾನು. ಆರೂ ಸ್ಕಾಚ್ ಅಂದರೆ ಆರೂ ಸ್ಕಾಚ್. ನಿನ್ನೆ ಮೊನ್ನೆಯ ಶಿಷ್ಯ ನನಗೆ ಬೆಲ್ಲದ ವಾಸನೆ ಹೇಳಿಕೊಡಬೇಕಾಗಿಲ್ಲ.

ಚಂದ್ರ ಕಂಡರೆ ನಾಳೆಯಿಂದ ರೋಜಾ. ಹಬ್ಬ ಆಗುವವರೆಗೆ ಈ ಮನೆಯಲ್ಲಿ ಶರಾಬಿನ ಮಾತು ಬೇಡ.

ಅಕ್ಬರ್ ಪಾಷಾ

*

ಯಲಹಂಕ
12–2–1962

ಉಸ್ತಾದ್ ಅವರಿಗೆ,

ಹಬ್ಬದವರೆಗೆ ಬರೆಯಬೇಡ ಅಂದಿದ್ದಿರಿ. ಹೇಳದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಲೋಕ ಮುಳುಗಲಿಲ್ಲ. ಶನಿವಾರ ಊಟ ನಡೆಯಿತು. ನಾನು ನಿಮ್ಮ ಮಾತು ಮೀರಿದೆ. ಮೊದಲನೇ ಓಲ್ಡ್ ಫ್ಯಾಷನ್ಡ್ ಮಾಡುವಾಗ ಕೈ ಒಂದನೇ ನಂಬರಿನ ಕಡೆಗೆ ಹೋಗಿತ್ತು. ಕೊನೇ ಗಳಿಗೆಯಲ್ಲಿ ನಾಲ್ಕನೇದನ್ನು ತೆಗೆದೆ. ಸಕ್ಕರೆ ಬಿಲ್ಲೆ, ಅದರ ಮೇಲೆ ಮೂರು ಹನಿ ನೆಲಬೇವು, ಕಿತ್ತಳೆ ಸಿಪ್ಪೆ, ಯಶವಂತಪುರದ ಐಸು. ಅಮೆರಿಕದವರಲ್ಲಿ ಎತ್ತರದವರೊಬ್ಬರು ಒಂದು ಗುಟುಕು ಕುಡಿದು ಮೇಜು ಕುಟ್ಟಿ, ಇದು ನಮ್ಮ ಕೆಂಟಕಿಯ ಬರ್ಬನ್ನು ಎಂದರು. ಆರನೇದರಲ್ಲಿ ಮ್ಯಾನ್‌ಹಟನ್ ಮಾಡಿದೆ. ಅದನ್ನು ಎರಡು ಸಲ ಕೇಳಿ ಹಾಕಿಸಿಕೊಂಡರು. ಬಿಟರ್ಸ್ ಎಲ್ಲಿಂದ ತರಿಸಿದಿರಿ ಅಂತಲೂ ಕೇಳಿದರು. ಮುನಿಶಾಮಮ್ಮನಿಗೆ ಹೇಳಿದರೆ, "ಜ್ವರ ಇಲ್ದೆ ಕಷಾಯ ಕುಡಿಯೋರೂ ಅವ್ರಾ?" ಅಂತ ಅವತ್ತೆಲ್ಲ ನಕ್ಕಳು. ನನಗೆ ಅಂಥ ಖುಷಿ ಯಾವತ್ತೂ ಆಗಿರಲಿಲ್ಲ.

ಆ ಖುಷಿಯಲ್ಲೇ ಬಾಯಿಬಿಟ್ಟೆ. ಮೇಜರ್ ಸಾಹೇಬರು ಬೆನ್ನು ತಟ್ಟಲು ಬಂದರೆ ಗೆದ್ದಲಿನ ಕತೆಯಿಂದ ಹಿಡಿದು ಎಲ್ಲ ಹೇಳಿಬಿಟ್ಟೆ. ಯಾವ ಸೀಸೆ ಯಾವುದೆಂಬ ನಿಮ್ಮ ಪಟ್ಟಿ ಬೇರೆ, ನನ್ನ ಪಟ್ಟಿ ಬೇರೆ ಅಂತಲೂ ಹೇಳಿದೆ. ಅವರ ಮುಖ ಬಿಗಿಯಾಯಿತು. "ಅತಿಥಿ ಏನ್ ಕೊಟ್ರೂ ಚೆನ್ನಾಗಿದೆ ಅಂತಾನೆ ಕಣಯ್ಯಾ. ನಂಗೆ ಸೋಡಾ ಬಿದ್ಮೇಲೆ ಎಲ್ಲಾ ಒಂದೇ. ಪಾಷಾ ಹೇಳ್ಬೇಕು. ಮಾರ್ಚ್ ಮೂವತ್ತೊಂದಕ್ಕೆ ಅವ್ನು ಇಲ್ಲಿಗ್ ಬಂದು, ಮೂಸಿ, ನಿನ್ ಪಟ್ಟಿ ಸರಿ ಅಂದ್ರೆ ನಾನ್ ಸೈನ್ ಹಾಕ್ತೀನಿ. ಇಲ್ಲಾಂದ್ರೆ ಬೊಂಬಾಯಿಯವನಿಗೆ ತಂತಿ ಕೊಡ್ತೀನಿ" ಅಂದರು.

ಉಸ್ತಾದ್, ನನಗೊಂದು ಅರ್ಥವಾಗುತ್ತಿಲ್ಲ. ಕಣ್ಣು ಮುಚ್ಚಿ ಬಾಗಿಲಲ್ಲೇ ನಿಂತು ಹೆಸರು ಹೇಳುತ್ತಿದ್ದವರು ನೀವು. ಬರ್ಬನ್ನನ್ನು ಸ್ಕಾಚ್ ಅಂದಿರಿ. ನನ್ನನ್ನು ಪರೀಕ್ಷೆ ಮಾಡಿದಿರಾ? ಹಾಗಿದ್ದರೆ ಪಾಸಾದೆ ಅಂದುಕೊಳ್ಳುತ್ತೇನೆ. ಮೂವತ್ತೊಂದಕ್ಕೆ ದಯವಿಟ್ಟು ಬನ್ನಿ. ಮುನಿರಾಮಯ್ಯನಿಗೆ ಹೇಳಿದ್ದೇನೆ, ಗಾರ್ಡಿನ ಡಬ್ಬಿಯಲ್ಲೇ ಕೂರಿಸಿಕೊಂಡು ಬರುತ್ತಾನೆ.

ಮುನಿಆಂಜಿನಪ್ಪ

*

ಚಿಂತಾಮಣಿ
10–3–1962
(ಕಾರ್ಡು)

ಮುನಿಆಂಜಿನಪ್ಪನಿಗೆ ದುವಾ. ಹಬ್ಬ ಚೆನ್ನಾಗಿ ಆಯಿತು. ಮಂಡಿ ಬಗ್ಗಿಸಲು ಆಗುತ್ತಿಲ್ಲ. ಬರಲಾಗುವುದಿಲ್ಲ. ಮೇಜರ್ ಸಾಹೇಬರಿಗೆ ನನ್ನ ಸಲಾಂ ಹೇಳು.

ಅಕ್ಬರ್ ಪಾಷಾ

*

ಯಲಹಂಕ
14–3–1962

ಪಾಷಾ ಅವರಿಗೆ,

ಕಾರ್ಡು ಬಂತು. ನಾಲ್ಕು ಸಾಲು.

ನೀವು ಹಬ್ಬದ ಮಾರನೇ ದಿನ ಪೇಟೆಯಲ್ಲೆಲ್ಲ ನಡೆದಾಡುತ್ತಿದ್ದುದನ್ನು ಮುನಿರಾಮಯ್ಯ ನೋಡಿದ್ದಾನೆ. ಮಂಡಿ ರೈಲಿಗೆ ಮಾತ್ರ ನೋಯುತ್ತದೆಯೇ? ನನ್ನ ಕೆಲಸ, ನನ್ನ ಮನೆ ಎರಡೂ ನಿಮ್ಮ ಒಂದು ಮಾತಿನ ಮೇಲೆ ನಿಂತಿರುವುದು ನಿಮಗೆ ಗೊತ್ತು. ನನ್ನ ಪಟ್ಟಿ ಸರಿ ಅಂತ ಹತ್ತು ಜನರ ಮುಂದೆ ಒಪ್ಪಿಕೊಳ್ಳಲು ನಿಮಗೆ ಕಷ್ಟ. ಬೇರೇನೂ ಇಲ್ಲ. ಶಿಷ್ಯನ ಮೇಲೆ ಉಸ್ತಾದನಿಗೆ ಹೊಟ್ಟೆಕಿಚ್ಚು ಬರುತ್ತದೆ ಅಂತ ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಇನ್ನು ನಿಮಗೆ ತೊಂದರೆ ಕೊಡುವುದಿಲ್ಲ.

ಮುನಿಆಂಜಿನಪ್ಪ

*

ಚಿಂತಾಮಣಿ
19–3–1962

ಮುನಿಆಂಜಿನಪ್ಪಣ್ಣನವರಿಗೆ ರೆಹಾನಾ ಮಾಡುವ ನಮಸ್ಕಾರಗಳು.

ಇದನ್ನು ಸ್ಕೂಲಿನಲ್ಲಿ ಕೂತು ಬರೆಯುತ್ತಿದ್ದೇನೆ. ಅಬ್ಬಾಗೆ ಗೊತ್ತಿಲ್ಲ, ಗೊತ್ತಾಗಲೂ ಬಾರದು.

ಅಬ್ಬಾಗೆ ವಾಸನೆ ತಿಳಿಯುವುದಿಲ್ಲ ಅಣ್ಣ. ಹೋದ ಮಳೆಗಾಲದಲ್ಲಿ ಜ್ವರ ಬಂತಲ್ಲ, ಅದು ಬಿಟ್ಟು ಹೋಗುವಾಗ ಮೂಗನ್ನೂ ತೆಗೆದುಕೊಂಡು ಹೋಯಿತು. ಕೆಲಸ ಬಿಟ್ಟದ್ದು ಅದಕ್ಕೇ, ಮಂಡಿಗಲ್ಲ. ಕ್ಲಬ್ಬಿನಲ್ಲಿ ಯಾರಿಗೂ ಹೇಳಲಿಲ್ಲ. ಅಮ್ಮಿ ಬಿರಿಯಾನಿ ಮಾಡಿದರೂ ಸಪ್ಪೆ ಅನ್ನುತ್ತಾರೆ, ಆಮೇಲೆ ನಮಗೆ ಬೇಜಾರಾಗುತ್ತದೆಂದು ಚೆನ್ನಾಗಿದೆ ಅನ್ನುತ್ತಾರೆ.

ನಿಮ್ಮ ಸೀಸೆಗಳನ್ನು ಮೂಸಿದವಳು ನಾನು. ಹಜಾರದಲ್ಲಿ ಚಿಕ್ಕಪ್ಪ ಕೂತಿದ್ದರಿಂದ ಅಲ್ಲಿ ಶರಾಬಿನ ಸೀಸೆ ತೆಗೆಯುವಂತಿರಲಿಲ್ಲ. ಅಡುಗೆಮನೆಗೆ ಹೋದೆವು. ಅಮ್ಮಿ ಅವತ್ತು ಒಲೆಗೆ ಹಸಿ ಸೌದೆ ಒಟ್ಟಿದ್ದಳು. ನಾನು ಒಂದೊಂದನ್ನೇ ಮೂಸಿ ಹೊಗೆ ಅಬ್ಬಾ, ಇದೂ ಹೊಗೆ ಅಬ್ಬಾ ಅಂತ ಹೇಳುತ್ತಾ ಹೋದೆ. ಅದು ಒಲೆಯ ಹೊಗೆ ಅಂತ ನನಗೆ ಹೊಳೆದದ್ದು ನಿಮ್ಮ ಎರಡನೇ ಕಾಗದ ಬಂದಾಗ. ಅಬ್ಬಾಗೂ ಆಗಲೇ ಹೊಳೆಯಿತು. ಆದರೆ ಒಪ್ಪಿಕೊಂಡರೆ ಎಲ್ಲವನ್ನೂ ಹೇಳಬೇಕಲ್ಲ. ಅದಕ್ಕೇ ಸಿಟ್ಟಿನಲ್ಲಿ ಬರೆಸಿದರು.

ನಿಮ್ಮ ಮೊದಲ ಕಾಗದ ಬಂದ ದಿನ ಅವರ ಮುಖ ನೀವು ನೋಡಬೇಕಿತ್ತು. ಇನ್ನೂ ನನ್ನನ್ನು ಕೇಳುವವರಿದ್ದಾರೆ ಅಂತ ಮನೆಯೆಲ್ಲ ಸುತ್ತಾಡಿದರು. ಇಲ್ಲ ಅನ್ನಲು ಅವರಿಗೆ ಮನಸ್ಸು ಬರಲಿಲ್ಲ, ಅಷ್ಟೇ.

ನಿಮ್ಮ ಕೊನೇ ಕಾಗದವನ್ನು ಓದಿ ಹೇಳಿದೆ. ಹೊಟ್ಟೆಕಿಚ್ಚಿನ ಸಾಲನ್ನು ಮಾತ್ರ ಹಾರಿಸಿದೆ. ಕ್ಷಮಿಸಿ.

ರೆಹಾನಾ

*

ಯಲಹಂಕ
23–3–1962

ನನ್ನ ಉಸ್ತಾದ್ ಅವರಿಗೆ ಮುನಿಆಂಜಿನಪ್ಪನ ಸಾಷ್ಟಾಂಗ ನಮಸ್ಕಾರ.

ಹೋದ ಕಾಗದವನ್ನು ಹರಿದು ಒಲೆಗೆ ಹಾಕಿಸಿ. ಅವತ್ತು ತಲೆ ಕೆಟ್ಟಿತ್ತು. ಮಂಡಿನೋವಿನವರಿಗೆ ಚಿಕ್ಕ ರೈಲಿನ ಕುಲುಕಾಟ ಆಗದು. ನೀವು ಬರಲೇಬೇಡಿ. ಮೇಜರ್ ಸಾಹೇಬರು ಏನು ಮಾಡುತ್ತಾರೋ ಮಾಡಲಿ. ಸೋಡಾ ಸುರಿಯುವುದು ನನಗೆ ಹೊಸದಲ್ಲ. ಅಟ್ಟೂರಿನಲ್ಲಿ ಗಾಳಿ ಚೆನ್ನಾಗಿದೆ ಅಂತ ಮುನಿಶಾಮಮ್ಮ ಈಗಲೇ ಹೇಳಲು ಶುರುಮಾಡಿದ್ದಾಳೆ.

ಆದರೆ ಕಲಿತದ್ದನ್ನು ಒಪ್ಪಿಸದೆ ಬಿಡುವುದು ಹೇಗೆ? ಆರನ್ನೂ ಇನ್ನೊಮ್ಮೆ ಬಯಲಲ್ಲಿ ಕೂತು ನೋಡಿದೆ. ಟೀಚರಮ್ಮನ ಕೈಲಿ ನಿಧಾನವಾಗಿ ಓದಿಸಿ, ತಪ್ಪಿದ್ದರೆ ಬೈಯಿರಿ.

ಒಂದನೇದು: ಮೊದಲು ಒಣ ಹುಲ್ಲಿನ ಬಣವೆ, ಸ್ವಲ್ಪ ಹೊತ್ತಿಗೆ ಜೇನು, ಕೊನೆಗೆ ಎಲ್ಲೋ ದೂರದಲ್ಲಿ ಯಾರೋ ಒಲೆ ಹಚ್ಚಿದ ಹಾಗೆ. ಎರಡನೇದು ಅದರ ತಮ್ಮ, ಆದರೆ ಒಣದ್ರಾಕ್ಷಿ ಜಾಸ್ತಿ. ಶೆರಿ ದ್ರಾಕ್ಷಾರಸ ಇಟ್ಟಿದ್ದ ಪೀಪಾಯಿಯಲ್ಲಿ ಬೆಳೆದ ಸ್ಕಾಚ್ ಅಂದುಕೊಂಡೆ. ಮೂರನೇದು ಪಿಳ್ಳಪ್ಪನ ಮಂಡಿ: ಟಿಂಚರ್, ಉಪ್ಪು, ನೀರು ಚಿಮುಕಿಸಿ ಆರಿಸಿದ ಬೆರಣಿಯ ಬೂದಿ. ನಾಲ್ಕನೇದು ಬೆಲ್ಲದ ಪಾಕ, ಅದರೊಳಗೆ ಸುಟ್ಟ ಮರ, ಬೇಕರಿಯಲ್ಲಿ ಕೇಕ್ ತೆಗೆಯುವಾಗ ಬರುವ ಎಸೆನ್ಸ್. ಐದನೇದಕ್ಕೆ ಗಲಾಟೆಯೇ ಇಲ್ಲ. ಹಸಿರು ಸೇಬು ಹೆಚ್ಚಿದ ತಟ್ಟೆ, ಪಕ್ಕದಲ್ಲಿ ಬಿಸ್ಕತ್ತು. ಐರ್ಲೆಂಡು ಅಂತ ಬರೆದುಕೊಂಡೆ. ಆರನೇದು ಮೂಗಿಗೆ ಏರುತ್ತದೆ: ಕಾಳುಮೆಣಸು, ಸೋಂಪು, ಕೆಳಗೆ ಎಲ್ಲೋ ಸ್ವಲ್ಪ ಬೆಲ್ಲ. ಇದು ರೈ.

ನೀವು ಕಣ್ಣು ಮುಚ್ಚಿ ನಿಲ್ಲುತ್ತಿದ್ದಿರಲ್ಲ, ಹಾಗೇ ಕಣ್ಣು ಮುಚ್ಚಿ ಮೂಸಿ ಬರೆದೆ. ನಿಮ್ಮನ್ನು ಕೇಳದೆ ನಾನು ಯಾವ ಸೀಸೆಗೂ ಚೀಟಿ ಅಂಟಿಸುವುದಿಲ್ಲ. ಇವತ್ತೂ ಇಲ್ಲ, ಇನ್ನು ಹತ್ತು ವರ್ಷಕ್ಕೂ ಇಲ್ಲ.

ನಿಮ್ಮ ಶಿಷ್ಯ,
ಮುನಿಆಂಜಿನಪ್ಪ

*

ಯಲಹಂಕ
1–4–1962

ರೆಹಾನಾ ಟೀಚರಮ್ಮನಿಗೆ ಮುನಿಆಂಜಿನಪ್ಪನ ನಮಸ್ಕಾರ.

ನಿಮ್ಮ ಅಬ್ಬಾ ಕ್ಷೇಮ. ನಮ್ಮ ಕ್ವಾರ್ಟರ್ಸಿನಲ್ಲಿ ಮುನಿಶಾಮಮ್ಮನ ಮುದ್ದೆ, ಅವರೆಕಾಳಿನ ಸಾರು ಉಂಡು ಮಲಗಿದ್ದಾರೆ. ನಾಳೆ ರೈಲಿಗೆ ಹತ್ತಿಸುತ್ತೇನೆ. ಅದಕ್ಕೆ ಮುಂಚೆ ಈ ಕಾಗದ ನಿಮಗೆ ತಲುಪಲಿ ಅಂತ ಮುನಿರಾಮಯ್ಯನ ಕೈಲಿ ಕೊಡುತ್ತಿದ್ದೇನೆ.

ಅವರು ಹೇಳದೆ ಕೇಳದೆ ಬಂದರು. ನಿನ್ನೆ ಬೆಳಗಿನ ರೈಲಿಳಿದು, ಇಸ್ತ್ರಿ ಮಾಡಿದ ಹಳೇ ಬಿಳಿ ಕೋಟು, ಕೆಂಪು ಸೊಂಟಪಟ್ಟಿ ಹಾಕಿಕೊಂಡು ಸೀದಾ ಕೌಂಟರಿಗೆ ಬಂದರು. ಮೇಜರ್ ಸಾಹೇಬರು ಆರು ಲೋಟ ಸಾಲಾಗಿ ಇಡಿಸಿದರು. ಸುತ್ತ ಹನ್ನೆರಡು ಜನ ಮೆಂಬರುಗಳು. ಪಿಳ್ಳಪ್ಪನೂ ಬಾಗಿಲಲ್ಲಿ ನಿಂತಿದ್ದ. ಏನಾದರೂ ನೆಪ ಹೇಳಿ ಲೋಟ ಕೆಡವಿಬಿಡೋಣ ಅನ್ನಿಸಿತು. ಅಬ್ಬಾಗೆ ಗೊತ್ತಾಗಬಾರದು ಅಂತ ನೀವು ಬರೆದದ್ದು ಅಡ್ಡ ಬಂತು, ಬಾಯಿ ತೆರೆಯುವಂತಿರಲಿಲ್ಲ.

ಅಬ್ಬಾ ಮೊದಲನೇ ಲೋಟ ತೆಗೆದುಕೊಂಡರು. ಅಂಗೈಯಲ್ಲಿ ಬೆಚ್ಚಗೆ ಮಾಡಿದರು. ಎರಡು ತೊಟ್ಟು ನೀರು ಬಿಟ್ಟರು. ಕಣ್ಣು ಮುಚ್ಚಿ ಮೂಗಿನ ಹತ್ತಿರ ಹಿಡಿದರು. ಎಷ್ಟು ಹೊತ್ತು ಹಾಗೆ ನಿಂತರೋ. ಆಮೇಲೆ ಕಣ್ಣು ಬಿಟ್ಟು, ಲೋಟವನ್ನು ನನ್ನ ಕೈಗೆ ಕೊಟ್ಟರು.

"ಸಾಬ್, ಇನ್ ಮುಂದೆ ಮೂಗು ಇವನ್ದು. ನಂದು ಹೋದ್ ಮಳೆಗಾಲದಲ್ಲೇ ಹೋಯ್ತು. ಆರೂ ಸ್ಕಾಚ್ ಅಂತ ನಾನ್ ಬರೆಸಿದ್ದು ತಪ್ಪು. ಇವನಿಗೆ ಹೇಳ್ಕೊಳ್ಳೋಕೆ ನಾಚ್ಕೆ ಆಯ್ತು, ಅದಕ್ಕೆ ಬೈದೆ."

ಮೇಜರ್ ಸಾಹೇಬರು ಆರು ಲೋಟಗಳ ಕಡೆ ನೋಡಿ, "ಮತ್ತೆ ಪಟ್ಟಿ ಸರಿ ಅಂತ ನಂಗ್ ಹೇಳೋರ್ ಯಾರು ಪಾಷಾ?" ಅಂದರು.

ಅಬ್ಬಾ ಕೋಟಿನ ಜೇಬಿನಿಂದ ನನ್ನ ಕಾಗದ ತೆಗೆದು ಅವರ ಮುಂದಿಟ್ಟರು. "ನಾನ್ ಹೇಳ್ತೀನಿ ಸಾಬ್. ಇದನ್ನ ನನ್ ಮಗಳು ಓದಿದ್ಳು. ಇಪ್ಪತ್ತೆರಡು ವರ್ಷ ನಾನ್ ಮೂಸಿದ್ದೆಲ್ಲ ಇದ್ರಲ್ಲಿದೆ. ಒಂದಕ್ಷರ ಆಚೆ ಈಚೆ ಇಲ್ಲ. ನಂಬಿಕೆ ಇಲ್ದಿದ್ರೆ ಲೋಟ ಅದಲು ಬದಲು ಮಾಡಿ, ಇವನ್ನ ಕೇಳಿ."

ಅದಲು ಬದಲು ಮಾಡಿದರು, ಎರಡು ಸಲ. ಎರಡು ಸಲವೂ ಹೇಳಿದೆ. ಒಂದೂ ತಪ್ಪಲಿಲ್ಲ. ಮೇಜರ್ ಸಾಹೇಬರು ಅಲ್ಲೇ ಪೆನ್ನು ತೆಗೆದು ನನ್ನ ಕಾಗದಕ್ಕೆ ಸೈನ್ ಹಾಕಿ, ಎದ್ದು ಅಬ್ಬಾಗೆ ಕೈ ಕೊಟ್ಟರು. ನನಗೆ ಅಳು ಬಂತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಇನ್ನೊಂದು ವಿಷಯ. ನನ್ನ ಮೂಗಿನ ವಿಷಯ ನಿನಗೆ ಮೊದಲೇ ಯಾರು ಹೇಳಿದರು ಅಂತ ಅಬ್ಬಾ ಕೇಳಿದರು. ಯಾರೂ ಇಲ್ಲ ಅಂದೆ. "ಒಲೆ ಹೊಗೆ ತಪ್ಪಿಸಿ ಬಯಲಲ್ಲಿ ಕೂತು ಮೂಸಿದೆ ಅಂತ ಬರೀತೀಯ, ಯಾರೂ ಹೇಳ್ಲಿಲ್ವಾ?" ಅಂತ ನಕ್ಕರು. ನಿಮಗೆ ಹೇಳಬಾರದಂತೆ, ನೀವು ನೊಂದುಕೊಳ್ಳುತ್ತೀರಂತೆ. ಆದ್ದರಿಂದ ನಾನು ಹೇಳಿಲ್ಲ, ನೀವು ಓದಿಲ್ಲ.

ಮೆಂಬರುಗಳೆಲ್ಲ ಊಟಕ್ಕೆ ಎದ್ದ ಮೇಲೆ ನಾನು ಕೌಂಟರಿನ ಒಳಗೆ ಒಬ್ಬನೇ ನಿಂತೆ. ಅಬ್ಬಾ ಆಚೆ ಕಡೆಯಿಂದ ಬಂದು ಎತ್ತರದ ಸ್ಟೂಲಿನ ಮೇಲೆ ಕೂತರು. ಇಷ್ಟು ವರ್ಷದಲ್ಲಿ ಅವರು ಆ ಕಡೆ ಕೂತದ್ದನ್ನು ನಾನು ನೋಡಿರಲಿಲ್ಲ. ಒಂದು ನಿಂಬೆಹಣ್ಣಿನ ಸೋಡಾ ಕೊಡು ಅಂದರು. ನಿಂಬೆಯ ವಿಸ್ಕಿ ಸವರ್ ಮಾಡುವಷ್ಟೇ ಜತನದಿಂದ, ನಿಂಬೆ ಸೋಸಿ, ಸಕ್ಕರೆ ಪಾಕ ಅಳೆದು, ಐಸು ಕುಟ್ಟಿ ಹಾಕಿ ಮುಂದಿಟ್ಟೆ. ಅವರು ನಿಧಾನವಾಗಿ ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟು, ನನ್ನ ಮುಖ ನೋಡಿದರು.

"ಸಕ್ಕರೆ ಒಂಚೂರು ಕಮ್ಮಿ ಆಯ್ತು, ಹೆಡ್ ಬಾರ್‌ಮನ್."

ಮುನಿಆಂಜಿನಪ್ಪ